ತೊಟ್ಟಿಲಲ್ಲೊಂದು, ಹೊಸ್ತಿಲಲ್ಲೊಂದು

ಹಳೇಬೀಡಿಗೆ ಹೋದವರಲ್ಲಿ ಬಹುಮಂದಿ ಹೊಯ್ಸಳೇಶ್ವರ ದೇವಾಲಯವನ್ನು ಒಂದು ಸುತ್ತು ಬಂದು, ನಂದಿಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡು, ಬೇಲೂರಿನ ಬಸ್ಸನ್ನು ಹಿಡಿಯುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿರುವ ಬಸ್ತಿಹಳ್ಳಿಯ ಬಸದಿಗಳವರೆಗೆ ನಡೆಯುವವರು ಕೆಲವರು ಮಾತ್ರ. ನಡೆದುಹೋದವರಿಗೆ ಪಾರ್ಶ್ವನಾಥ ಬಸದಿಯಲ್ಲಿ ಒಂದು ಶಾಸನ ದೊರೆಯುತ್ತದೆ. ಕ್ರಿ.ಶ. 1133ರ ಈ ಶಾಸನವು ಕಾಳಗವನ್ನೂ ದಾನವನ್ನೂ ಹೇಳುವುದರ ಜೊತೆಗೆ, ಶಾಸನಗಳಲ್ಲಿ ಅಪರೂಪವಾದ ಇನ್ನೊಂದು ಸುದ್ದಿಯನ್ನೂ ಹೇಳುತ್ತದೆ. ಅದು ಒಂದು ಮನೆಯಲ್ಲಿ ಗಂಡುಕೂಸು ಹುಟ್ಟಿದ ಸುದ್ದಿ.

ಮನೆಯೆಂದರೆ ಅರಮನೆ. ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ತನ್ನ ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಈ ಜಿನಾಲಯವನ್ನು ಕಟ್ಟಿಸಿದನು. ಪ್ರತಿಷ್ಠೆಯಾದ ಮೇಲೆ ಅರ್ಚಕರು ದೇವರ ಶೇಷಾಕ್ಷತೆಯನ್ನು ಹಿಡಿದು, ಬಂಕಾಪುರದಲ್ಲಿದ್ದ ವಿಷ್ಣುವರ್ಧನ ಮಹಾರಾಜನ ಬಳಿಗೆ ಹೋದರು. ಅದೇ ಹೊತ್ತಿಗೆ ಮಹಾರಾಜನು ಮಸಣನೆಂಬ ಶತ್ರುವನ್ನು ಗೆದ್ದಿದ್ದನು; ಅದೇ ಹೊತ್ತಿಗೆ ಲಕ್ಷ್ಮೀದೇವಿಯು ಗಂಡುಮಗುವನ್ನು ಹೆತ್ತಿದ್ದಳು. ಎರಡು ಸಂತೋಷಗಳು ಒಟ್ಟಿಗೆ ಕೂಡಿದುವೆಂದು ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ, ಕೂಸಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ದೇವರಿಗೆ ಜಾವಗಲ್ಲು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಆ ಜಾವಗಲ್ಲು ಇಂದು ಅರಸೀಕೆರೆ ತಾಲ್ಲೂಕಿಗೆ ಸೇರಿದೆ. ಅರಸೀಕೆರೆಯಿಂದ ಹಳೇಬೀಡಿಗೆ ಹೊರಟ ಬಸ್ಸು ಅದನ್ನು ಹಾದೇ ಹೋಗುತ್ತದೆ.

ಶಾಸನದಲ್ಲಿ ಕೂಸಿನ ತಂದೆಯ ಮಾತಿದೆ, ತಾಯಿಯ ಹೆಸರಿದೆ, ಬಿಟ್ಟ ಊರಿನ ಹೆಸರಿದೆ. ಆದರೆ ಆ ಕೂಸಿಗೆ ಎರೆದವರು ಯಾರು, ರಾತ್ರಿ ಅತ್ತಾಗ ಎದ್ದವರು ಯಾರು, ಬಾಣಂತಿಗೆ ಪಥ್ಯ ಮಾಡಿ ಬಡಿಸಿದವರು ಯಾರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳ ಸುತ್ತಲಿನ ಮನೆಗಳಲ್ಲಿ ದಿನದಿನವೂ ನಡೆಯುವ ಈ ಹಳೆಯ ಕೆಲಸವಾದರೋ ಯಾವ ಪಟ್ಟಿಗೂ ಸೇರದೆ, ಯಾರ ಕಣ್ಣಿಗೂ ಬೀಳದೆ ಸಾಗಿಯೇ ಇದೆ.

ಅಟ್ಟದ ಮೇಲಿನ ಕಾಯಿ

ಅರಸೀಕೆರೆಯ ಒಂದು ಸಾಧಾರಣ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಊರಿಗೆ ಹೆಸರು ಬಂದುದು ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಎನ್ನುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಹಾದಿಗೆ ಮೈಸೂರಿನಿಂದ ಹಾಸನದ ಮೇಲೆ ಬರುವ ಹಾದಿ ಕೂಡುವುದು ಇಲ್ಲಿಯೇ. ಊರಿನ ಹೊರಗೆ ಎತ್ತ ನೋಡಿದರೂ ತೆಂಗು. ಆದುದರಿಂದ ಇಲ್ಲಿಯ ಮನೆಯ ಬಾಳು ರೈಲಿನ ವೇಳೆಗೂ ತೆಂಗಿನ ಬೆಲೆಗೂ ಹೊಂದಿಕೊಂಡಿರುವುದು ಸಹಜವೇ.

ಉಂಡೆಕೊಬ್ಬರಿ ಆಗುವ ಬಗೆಯನ್ನು ಪಟ್ಟಣದವರು ಅರಿಯರು. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ಅದು ಬೆಚ್ಚಗೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಕುಳಿತಿರುತ್ತದೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡನೆ ಸದ್ದು ಮಾಡಿದಾಗ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಸೊಸೆಗೆ ತಿಂಗಳು ನಿಂತಿತೆಂದು ತಿಳಿದ ಹೊತ್ತಿನಲ್ಲಿ ಅಟ್ಟಕ್ಕೇರಿದ ಕಾಯಿ, ಅವಳು ಹೆತ್ತು ಮನೆಗೆ ಬರುವ ಹೊತ್ತಿಗೆ ಕೊಬ್ಬರಿಯಾಗಿ ಇಳಿಯುತ್ತದೆ. ಅತ್ತೆ ಅದನ್ನು ತುರಿದು, ತುಪ್ಪದಲ್ಲಿ ಹುರಿದ ಅಂಟು, ಉತ್ತುತ್ತೆ, ಗಸಗಸೆ, ಬೆಲ್ಲಗಳೊಡನೆ ಕೂಡಿಸಿ ಅಂಟಿನುಂಡೆ ಕಟ್ಟುತ್ತಾಳೆ. ಬಾಣಂತಿಯ ಸೊಂಟಕ್ಕೆ ಅದು ಬಲವೆಂಬುದು ಹಿರಿಯರ ನಂಬಿಕೆ.

ಈ ಮನೆಯಲ್ಲಿ ಇದು ಎರಡನೆಯ ಬಾಣಂತನ. ಚೊಚ್ಚಲ ಹೆರಿಗೆಗೆ ಹುಡುಗಿ ಹಳೇಬೀಡಿನ ಬಳಿಯ ತವರಿಗೆ ಹೋಗಿದ್ದಳು. ಅಲ್ಲಿ ಅವಳಿಗೆ ಮೂರು ತಿಂಗಳ ವಿಶ್ರಾಂತಿ ದೊರೆಯಿತು. ಎರಡನೆಯ ಸಲ ಹಾಗಾಗಲಿಲ್ಲ. ಗಂಡನ ಕೆಲಸ, ಮಾವನ ಮಂಡಿನೋವು, ಮೇಲಾಗಿ ಎರಡೂ ಮುಕ್ಕಾಲು ವರ್ಷದ ಹಿರಿಯ ಮಗಳು. ಹಾಗಾಗಿ ಹೆರಿಗೆ ಅತ್ತೆಮನೆಯಲ್ಲಿ ಎಂದಾಯಿತು. ತವರಿನಿಂದ ತಾಯಿಯೇ ಒಂದು ಚೀಲ ಸಾಮಾನು ಹೊತ್ತು ಬಂದಳು. ಚೀಲದಲ್ಲಿ ಬಜೆ, ಮಾಸಿಕಾಯಿ, ಒಣಶುಂಠಿ, ಹಳೆಯ ಪಂಚೆಯನ್ನು ಹರಿದು ಮಾಡಿದ ಬಟ್ಟೆಗಳು, ಕೈಯಲ್ಲಿ ಹೊಲಿದ ಎರಡು ಕುಲಾವಿ, ಹಿರಿಯ ಮೊಮ್ಮಗಳಿಗೆಂದು ಒಂದು ಪೊಟ್ಟಣ ಬುರುಗು.

ಬಚ್ಚಲಮನೆಯ ಬೆಳಗು

ದಿನ ಆರಂಭವಾಗುವುದು ಹಂಡೆಯ ಕೆಳಗೆ ಉರಿ ಹಾಕುವುದರಿಂದ. ತೆಂಗಿನ ಮಟ್ಟೆ, ಚಿಪ್ಪು, ಗರಿಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ನೀರು ಕಾಯುವಷ್ಟರಲ್ಲಿ ಅಜ್ಜಿ ತಗ್ಗಿನ ಮಣೆಯ ಮೇಲೆ ಕುಳಿತು ಕಾಲು ನೀಡುತ್ತಾಳೆ. ನೀಡಿದ ಕಾಲುಗಳ ನಡುವಣ ತಗ್ಗೇ ಕೂಸಿನ ತೊಟ್ಟಿ. ಎಣ್ಣೆ ಸವರಿ, ಕೈಕಾಲುಗಳನ್ನು ಮೆಲ್ಲಗೆ ಮಡಿಸಿ ಚಾಚಿ, ಕಡಲೆಹಿಟ್ಟಿನಿಂದ ತೊಳೆದು, ಬೆನ್ನಿನ ಮೇಲೆ ಧಾರೆಯಾಗಿ ನೀರು ಹುಯ್ಯುವಾಗ ಕೂಸು ಮೊದಲು ಕಿರುಚಿ, ಆಮೇಲೆ ಬಿಕ್ಕಿ, ಕೊನೆಗೆ ಅಲ್ಲಿಯೇ ಕಣ್ಣು ಮುಚ್ಚುತ್ತದೆ. ಎರೆದು ಮುಗಿಸಿದ ಅಜ್ಜಿ ಅದನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಹಣೆಗೂ ಅಂಗಾಲಿಗೂ ದೃಷ್ಟಿಬೊಟ್ಟಿಟ್ಟು, ತಾಯಿಯ ಮಡಿಲಿಗೆ ಕೊಟ್ಟರೆ ಮುಂದೆ ಎರಡು ಗಂಟೆ ಮನೆಯಲ್ಲಿ ಸದ್ದಿಲ್ಲ.

ಬಳಿಕ ಬಾಣಂತಿಯ ಸರದಿ. ಅವಳಿಗೂ ಎಣ್ಣೆ, ಅವಳಿಗೂ ಹಂಡೆ ನೀರು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಊಟಕ್ಕೆ ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ.

ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ತೊಟ್ಟಿಲ ಶಾಸ್ತ್ರ. ಮನೆತನಕ್ಕೆ ತಕ್ಕಂತೆ ಇದರ ಕ್ರಮ ಬೇರೆಬೇರೆ. ಕೆಲವು ಮನೆಗಳಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕೂಸು ಆ ಕಲ್ಲಿನಂತೆ ಗಟ್ಟಿಯಾಗಲೆಂದು ಹಾರೈಕೆ. ನೆರೆಯ ಮುಸಲ್ಮಾನರ ಮನೆಯಲ್ಲಾದರೆ ಹುಟ್ಟಿದೊಡನೆ ಕೂಸಿನ ಕಿವಿಯಲ್ಲಿ ಬಾಂಗಿನ ಮಾತುಗಳನ್ನು ಹೇಳುವುದು, ಏಳನೆಯ ದಿನ ಅಕೀಕಾ ಮಾಡುವುದು ಪದ್ಧತಿ. ತೊಟ್ಟಿಲಿಲ್ಲದ ಮನೆಯಲ್ಲಿ ಸೀರೆಯ ಜೋಲಿಯೇ ತೊಟ್ಟಿಲು. ಹೆಂಗಸರು ಜೋಗುಳಕ್ಕೆ ದನಿಗೂಡಿಸುವಾಗ ಹೆಸರು ಯಾವುದಾದರೂ ಆಗಲಿ, ರಾಗ ಒಂದೇ. ಇಂಥ ಹಾಡುಗಳು ಹೆಂಗಸರ ನಾಲಗೆಯ ಮೇಲೆಯೇ ಉಳಿದು ಬಂದವು. ಇದೇ ಹಾಸನ ಜಿಲ್ಲೆಯವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ ಮೇಲೆ ಓದುಬಲ್ಲವರಿಗೂ ಅವುಗಳ ಬೆಲೆ ತಿಳಿಯಿತು.

ಹೊಸ್ತಿಲ ಮೇಲಿನ ಮಗು

ಈ ಸಂಭ್ರಮದಲ್ಲಿ ಒಬ್ಬಳು ಮಾತ್ರ ಸೇರಿಲ್ಲ. ಅವಳು ಬಾಣಂತಿಕೋಣೆಯ ಹೊಸ್ತಿಲ ಮೇಲೆ ನಿಂತಿದ್ದಾಳೆ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈಯ ಹೆಬ್ಬೆರಳು ಬಾಯಲ್ಲಿ. ಒಳಗೆ ಹೋಗಕೂಡದು, ಪಾಪು ಮಲಗಿದೆ. ಗದ್ದಲ ಮಾಡಕೂಡದು, ಅಮ್ಮ ಮಲಗಿದ್ದಾಳೆ. ಎತ್ತಿಕೊಳ್ಳೆಂದು ಕೇಳಕೂಡದು, ಅಮ್ಮನ ಮೈ ಹಸಿ. ಮೊನ್ನೆಮೊನ್ನೆಯವರೆಗೆ ಮನೆಗೆಲ್ಲ ಒಬ್ಬಳೇ ಪುಟ್ಟಿಯಾಗಿದ್ದವಳು ಒಂದು ರಾತ್ರಿ ಕಳೆಯುವುದರೊಳಗಾಗಿ ‘ದೊಡ್ಡವಳು’ ಆಗಿಬಿಟ್ಟಿದ್ದಾಳೆ.

ನೋಡಲು ಬಂದವರ ಮಾತೂ ಅವಳ ಕಿವಿಗೆ ಬೀಳುತ್ತದೆ. “ಅಂತೂ ಗಂಡಾಯಿತಲ್ಲ, ದೇವರು ಕಣ್ಣು ತೆರೆದ” ಎಂದು ಒಬ್ಬರು. “ಇನ್ನು ನಿನ್ನನ್ನು ಯಾರೇ ಕೇಳುತ್ತಾರೆ?” ಎಂದು ಗಲ್ಲ ಹಿಂಡಿ ನಗುವವರು ಮತ್ತೊಬ್ಬರು. ದೊಡ್ಡವರಿಗೆ ಅದು ನಗೆಮಾತು. ಎರಡೂ ಮುಕ್ಕಾಲು ವರ್ಷದ ಕೂಸಿಗೆ ನಗೆಮಾತಿನ ಪರಿಚಯವಿಲ್ಲ. ಹೇಳಿದ್ದನ್ನೆಲ್ಲ ಅದು ನಿಜವೆಂದೇ ತಿಳಿಯುತ್ತದೆ.

ಮೂರನೆಯ ವಾರ ಅವಳು ಅಜ್ಜಿಯ ಸೆರಗನ್ನು ಹಿಡಿದು ಕೇಳಿದಳು:

“ಅಜ್ಜಿ, ಪಾಪು ಯಾವಾಗ ಅವರ ಮನೆಗೆ ಹೋಗುತ್ತೆ?”

“ಇದೇ ಕಣಮ್ಮ ಅದರ ಮನೆ. ಅದು ನಿನ್ನ ತಮ್ಮ.”

“ಮತ್ತೆ ನನ್ನ ಮನೆ?”

ಅಜ್ಜಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮೊಮ್ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಾಗ ಅವಳಿಗೆ ಬೇರೊಂದು ಸಂಗತಿ ಹೊಳೆಯಿತು. ಮಗು ಹಗುರವಾಗಿತ್ತು.

ಇಂಥ ಮನೆಗಳಲ್ಲಿ ಇದು ಮೆಲ್ಲಗೆ, ಯಾರಿಗೂ ಗೊತ್ತಾಗದಂತೆ ನಡೆದುಹೋಗುತ್ತದೆ. ಹಿರಿಯ ಮಗು ಊಟವನ್ನು ತಳ್ಳುತ್ತದೆ; ತಿನ್ನಿಸಲು ತಾಯಿಗೆ ಬಿಡುವಿಲ್ಲ. ಬಿಟ್ಟಿದ್ದ ಅಭ್ಯಾಸಗಳು ಮರಳುತ್ತವೆ: ಹಾಸಿಗೆ ಒದ್ದೆ, ತೊದಲುಮಾತು, ತನಗೂ ಮೊಲೆಹಾಲು ಬೇಕೆಂಬ ಹಟ. ಯಾರೂ ನೋಡದಾಗ ಕೂಸಿನ ಕಾಲನ್ನು ಚಿವುಟಿ ಓಡುವುದೂ ಉಂಟು. ಮನೆಯವರು ಇದನ್ನು ಹೊಟ್ಟೆಕಿಚ್ಚೆಂದು ಕರೆದು ಗದರಿಸುತ್ತಾರೆ. ಹೊಟ್ಟೆಕಿಚ್ಚೇ ಇರಬಹುದು. ಆದರೆ ಅದರ ಒಳಗೆ ಹೆದರಿಕೆಯಿದೆ, ಕೆಲವೊಮ್ಮೆ ಹಸಿವೆಯೂ ಇದೆ.

ಪಟ್ಟದಿಂದಿಳಿದ ಮಗುವಿನ ಕಾಯಿಲೆ

ಲೋಕದ ಇನ್ನೊಂದು ಮೂಲೆಯಲ್ಲಿ ಈ ಹಸಿವೆಗೆ ಒಂದು ಹೆಸರೇ ಇತ್ತು. ಇಂದು ಘಾನಾ ಎನಿಸಿಕೊಂಡಿರುವ ಆಫ್ರಿಕದ ದೇಶದಲ್ಲಿ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಎಂಬಾಕೆ ಮಕ್ಕಳ ವೈದ್ಯೆಯಾಗಿದ್ದರು. ಒಂದರಿಂದ ನಾಲ್ಕು ವರ್ಷದ ಮಕ್ಕಳು ಕೈಕಾಲು ಊದಿಕೊಂಡು, ಕೂದಲು ಬಣ್ಣಗೆಟ್ಟು, ಚರ್ಮ ಸುಲಿದು ಸಾಯುತ್ತಿದ್ದುದನ್ನು ಅವರು ಕಂಡರು. 1933ರಲ್ಲಿ ಆ ಕಾಯಿಲೆಯನ್ನು ವಿವರಿಸಿ ಬರೆದರು. 1935ರಲ್ಲಿ ಅದಕ್ಕೆ ಅಲ್ಲಿಯ ತಾಯಂದಿರು ಬಳಸುತ್ತಿದ್ದ ಹೆಸರನ್ನೇ ಕೊಟ್ಟರು: ಕ್ವಾಷಿಯೋರ್ಕರ್. ಗಾ ಭಾಷೆಯ ಆ ಮಾತಿಗೆ, ಇನ್ನೊಂದು ಕೂಸು ಹುಟ್ಟಿದಾಗ ಪಟ್ಟದಿಂದಿಳಿದ ಮಗುವಿಗೆ ಬರುವ ಕಾಯಿಲೆ ಎಂದು ಅರ್ಥ. ಹೊಸ ಕೂಸು ಬಂದೊಡನೆ ಹಿರಿಯದಕ್ಕೆ ಹಾಲು ಬಿಡಿಸಿ, ಬರಿಯ ಗಂಜಿಯ ಮೇಲೆ ಇಡುತ್ತಿದ್ದುದು ಇದಕ್ಕೆ ಮೂಲವೆಂದು ಅವರು ಕಂಡುಕೊಂಡರು. ವೈದ್ಯರಿಗಿಂತ ಎಷ್ಟೋ ಮೊದಲೇ ಅಲ್ಲಿಯ ತಾಯಂದಿರು ಕಾಯಿಲೆಯ ಕಾರಣವನ್ನು ಅದರ ಹೆಸರಿನಲ್ಲಿಯೇ ಇಟ್ಟಿದ್ದರೆಂಬುದು ಗಮನಿಸತಕ್ಕ ವಿಷಯ.

ಅಂಥ ಘೋರರೂಪ ಈ ಸೀಮೆಯಲ್ಲಿ ಇಂದು ಅಪರೂಪ. ಆದರೆ ಅದರ ನೆರಳು ಹೋಗಿಲ್ಲ. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಅಂಗನವಾಡಿಗೆ ನಡೆದಳು. ತಕ್ಕಡಿಯಲ್ಲಿ ತೂಗಿ ಪಟ್ಟಿಯಲ್ಲಿ ಗುರುತು ಹಾಕಿದ ಕಾರ್ಯಕರ್ತೆ ಬೆರಳಿಟ್ಟು ತೋರಿಸಿದಳು. ಎರಡು ತಿಂಗಳ ಹಿಂದೆ ಹಸಿರು ಪಟ್ಟೆಯಲ್ಲಿದ್ದ ಗೆರೆ ಹಳದಿಯ ಕಡೆಗೆ ಜಾರಿತ್ತು. ಕೂಸಿನ ತೂಕ ವಾರವಾರವೂ ಏರುತ್ತಿದ್ದ ಮನೆಯಲ್ಲಿ, ಹಿರಿಯದರ ತೂಕ ಇಳಿಯುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಿದೆ. ಇಲ್ಲಿ ಜಗಳವೇ ಇರಲಿಲ್ಲ. ಎಲ್ಲರ ಅಕ್ಕರೆಯ ನಡುವೆಯೇ ಒಂದು ಮಗು ಬಡವಾಗಿತ್ತು.

ಶಿಶುಪೋಷಣೆಯ ಈ ಯೋಜನೆ ದೇಶದಲ್ಲಿ ಆರಂಭವಾದುದು 1975ರ ಅಕ್ಟೋಬರ್ 2ರಂದು. ಆಗ ಆರಿಸಿಕೊಂಡ 33 ಕ್ಷೇತ್ರಗಳಲ್ಲಿ ಕರ್ನಾಟಕದ ಟಿ. ನರಸೀಪುರವೂ ಒಂದು. ಊರೂರಿಗೂ ಒಂದು ತಕ್ಕಡಿಯನ್ನು ತಂದುದೇ ಅದರ ದೊಡ್ಡ ಉಪಕಾರವೆನ್ನಬೇಕು. ತಾಯಿಯ ಕಣ್ಣಿಗೆ ದಿನವೂ ಕಾಣುವ ಮಗು ಇಳಿದದ್ದು ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುತ್ತದೆ.

ಪರಿಹಾರ ದೂರದಲ್ಲಿರಲಿಲ್ಲ. ಅದು ಅಡಿಗೆಮನೆಯ ಡಬ್ಬಿಯಲ್ಲಿಯೇ ಇತ್ತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೆಚ್ಚಗೆ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿದ ಹಿಟ್ಟು ಈ ಸೀಮೆಯ ಮಕ್ಕಳ ಹಳೆಯ ಆಹಾರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮೊಳಕೆ ಬರಿಸುವುದರಲ್ಲಿಯೂ ಒಂದು ಜಾಣತನವಿದೆ. ಮೊಳೆಯುವ ಕಾಳು ತನ್ನ ಪಿಷ್ಟವನ್ನು ತಾನೇ ಒಡೆದುಕೊಳ್ಳುವುದರಿಂದ, ಅಂಥ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ಸಲೀಸಾಗಿ ನುಂಗುತ್ತದೆ. ಸಣ್ಣ ಹೊಟ್ಟೆಗೆ ಹೆಚ್ಚು ಬಲ ಸೇರುತ್ತದೆ. ಅದಕ್ಕೆ ಒಂದು ಚಮಚ ತುಪ್ಪ, ದಿನಕ್ಕೊಂದು ಮೊಟ್ಟೆ ಅಥವಾ ಬೇಳೆಯ ಕಟ್ಟು, ಒಂದು ಬಾಳೆಹಣ್ಣು. ಇಷ್ಟನ್ನು ಮೂರು ಹೊತ್ತಿನ ಬದಲು ಐದು ಹೊತ್ತು ಮಾಡಿ, ಪಕ್ಕದಲ್ಲಿ ಕುಳಿತು ತಿನ್ನಿಸಬೇಕು. ಇದರಲ್ಲಿ ಕಷ್ಟವಾದುದು ಪಕ್ಕದಲ್ಲಿ ಕುಳಿತುಕೊಳ್ಳುವುದೊಂದೇ. ಏಕೆಂದರೆ ಕೂರಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲ.

ಅಜ್ಜಿಯ ಮಾತು, ದಾದಿಯ ಮಾತು

ಬಾಣಂತಿಕೋಣೆಗೆ ಇಂದು ಇಬ್ಬರು ಗುರುಗಳು. ಒಬ್ಬಳು ಅಜ್ಜಿ, ಇನ್ನೊಬ್ಬಳು ಕೈಚೀಲದಲ್ಲಿ ತೂಕದ ಸಾಧನವನ್ನೂ ಜ್ವರ ನೋಡುವ ಕಡ್ಡಿಯನ್ನೂ ಹಿಡಿದು ಬರುವ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ನೋಡಬೇಕೆಂಬುದು ಅವಳಿಗಿರುವ ನಿಯಮ. ಇಬ್ಬರ ಮಾತೂ ಎಲ್ಲ ಕಡೆಯೂ ಕೂಡುವುದಿಲ್ಲ.

ಮೊದಲ ದಿನಗಳ ಹಳದಿ ಬಣ್ಣದ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು ಹಿಂದಿನ ವಾಡಿಕೆಯಾಗಿತ್ತು. ಕೂಸಿಗೆ ರೋಗವನ್ನು ತಡೆಯುವ ಶಕ್ತಿ ಬರುವುದು ಅದರಿಂದಲೇ. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕು ಎನ್ನುತ್ತಾಳೆ ದಾದಿ. ಬಜೆ ತೇಯ್ದು ನೆಕ್ಕಿಸುವುದು, ಜೇನು ಮುಟ್ಟಿಸುವುದು, ಸೆಕೆಗೆಂದು ನೀರು ಕುಡಿಸುವುದು ಯಾವುದೂ ಬೇಡ. ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಮೂಗಿಗೆ, ಕಿವಿಗೆ ಎಣ್ಣೆ ಬಿಡಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದರೆ ಅಪಾಯ. ಬಾಗಿಲು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿದರೆ ಕೂಸಿನ ಉಸಿರಿಗೆ ತೊಂದರೆ. ಬಾಣಂತಿಗೆ ನೀರು ಕಡಿಮೆ ಕೊಡುವುದಂತೂ ತಪ್ಪು. ಹಾಲುಣಿಸುವವಳಿಗೆ ನೀರಡಿಕೆ ಹೆಚ್ಚು.

ಎರಡನೆಯ ದಿನವೋ ಮೂರನೆಯ ದಿನವೋ ಕೂಸಿನ ಮೈ ಹಳದಿಯಾದಾಗ ಅಜ್ಜಿ ಎಳೆಬಿಸಿಲಿಗೆ ಹಿಡಿಯುತ್ತಾಳೆ. ಬಹುಪಾಲು ಕೂಸುಗಳಿಗೆ ಅದು ತಾನಾಗಿಯೇ ಇಳಿಯುವುದು ನಿಜ. ಆದರೆ ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲಿಗೂ ಹರಡಿದರೆ, ಕೂಸು ಹಾಲು ಕುಡಿಯದೆ ಮಂಕಾದರೆ ಬಿಸಿಲನ್ನು ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು. ಹೊತ್ತು ಮೀರಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

ಹಾಗೆಂದು ಅಜ್ಜಿಯ ಮಾತೆಲ್ಲ ಅಜ್ಞಾನವೆಂದು ತಳ್ಳುವುದೂ ಅಜ್ಞಾನವೇ. ಹೆತ್ತವಳು ನಲವತ್ತು ದಿನ ಕೊಡ ಹೊರಕೂಡದು, ತಣ್ಣೀರಲ್ಲಿ ಕೈಯಿಡಕೂಡದು ಎಂಬ ಕಟ್ಟು ಯಾವ ಕಾನೂನಿಗಿಂತಲೂ ಹಿಂದಿನದು. ಸಂಬಳದ ಕೆಲಸದಲ್ಲಿರುವ ಹೆಂಗಸರಿಗೆ ಈ ವಿಶ್ರಾಂತಿಯನ್ನು 1961ರ ಹೆರಿಗೆ ಸೌಲಭ್ಯದ ಕಾಯಿದೆ ಕೊಟ್ಟಿತು. ಮೊದಲ ಎರಡು ಮಕ್ಕಳ ಹೆರಿಗೆಗೆ ಅದು 26 ವಾರಗಳಾದುದು 2017ರಲ್ಲಿ. ತೆಂಗಿನ ತೋಟದಲ್ಲಿ, ರಾಗಿಯ ಹೊಲದಲ್ಲಿ, ಸ್ವಂತ ಅಡಿಗೆಮನೆಯಲ್ಲಿ ದುಡಿಯುವವಳಿಗೆ ಇಂದಿಗೂ ಅಜ್ಜಿಯೇ ಕಾಯಿದೆ. ಎಣ್ಣೆ ನೀವಿದ ಕೈ, ಬಿಸಿ ಅನ್ನ, ಕೂಸನ್ನು ಒಂದು ಗಂಟೆ ಹಿಡಿದು ತಾಯಿಗೆ ನಿದ್ದೆ ಕೊಡುವ ತೊಡೆ: ಇವುಗಳಿಗೆ ಯಾವ ಔಷಧದಂಗಡಿಯಲ್ಲಿಯೂ ಬದಲಿಲ್ಲ.

ಇಬ್ಬರೂ ಸೇರಿದುದರಿಂದ ಆದ ಲಾಭಕ್ಕೆ ಅಂಕಿಗಳೇ ಸಾಕ್ಷಿ. 1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 146 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದುವು. 2020ರಲ್ಲಿ ಕರ್ನಾಟಕದ ಸಂಖ್ಯೆ 19. ಆ ಹಳೆಯ ಲೆಕ್ಕದ ಹಿಂದೆ ಖಾಲಿಯಾದ ತೊಟ್ಟಿಲುಗಳೆಷ್ಟೆಂದು ನೆನೆದರೆ, ಗುಂಡುಕಲ್ಲನ್ನು ತೂಗಿದವರ ಹಾರೈಕೆ ಎಷ್ಟು ಗಾಢವಾದುದೆಂದು ತಿಳಿಯುತ್ತದೆ.

ಎರಡರ ನಡುವಣ ಅಂತರ

ದಾದಿ ತಾಯಿಯ ಕಿವಿಯಲ್ಲಿ ಹೇಳಿಹೋಗುವ ಮಾತು ಇನ್ನೊಂದಿದೆ: ಮುಂದಿನದಕ್ಕೆ ಅವಸರ ಬೇಡ. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗುವ ಮೊದಲು ಎರಡು ವರ್ಷವಾದರೂ ಕಳೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಪರದೇಶದಿಂದ ಹೊಸದಾಗಿ ಬಂದ ಬೋಧನೆಯೇನಲ್ಲ. ಸಂತಾನನಿಯಂತ್ರಣಕ್ಕಾಗಿ ಸರ್ಕಾರವೇ ಚಿಕಿತ್ಸಾಲಯಗಳನ್ನು ತೆರೆಯಬೇಕೆಂದು ಮೈಸೂರು ಸಂಸ್ಥಾನವು 1930ರಲ್ಲಿಯೇ ಆಜ್ಞೆ ಮಾಡಿತು. ಜಗತ್ತಿನ ಯಾವ ಸರ್ಕಾರವೂ ಅದಕ್ಕೆ ಮುಂಚೆ ಅಂಥ ಹೆಜ್ಜೆ ಇಟ್ಟಿರಲಿಲ್ಲವೆಂದು ಹೇಳುತ್ತಾರೆ. ಅರಸೀಕೆರೆಯೂ ಬೇಲೂರೂ ಆಗ ಆ ಸಂಸ್ಥಾನದ ಊರುಗಳೇ.

ಅಂತರವೆಂಬುದು ತಾಯಿಯ ರಕ್ತಕ್ಕೆ ಮಾತ್ರವಲ್ಲ, ಮೊದಲ ಮಗುವಿನ ಮನಸ್ಸಿಗೂ ಬೇಕು. ಎರಡು ವರ್ಷ ತುಂಬುವವರೆಗೂ ಅದಕ್ಕೆ ಮೊಲೆಹಾಲು ಒಳ್ಳೆಯದು. ಅಷ್ಟರಲ್ಲಿಯೇ ಕಿರಿಯದು ಬಂದುಬಿಟ್ಟರೂ ಹಿರಿಯದನ್ನು ಹೊಡೆದು ಬಿಡಿಸಬೇಕಾಗಿಲ್ಲ. ಮೊದಲು ಕೂಸಿಗೆ, ಆಮೇಲೆ ಹಿರಿಯದಕ್ಕೆ ಎಂದರಾಯಿತು.

ಅರಸೀಕೆರೆಯ ಆ ಮನೆಯಲ್ಲಿ ಹಳದಿ ಗೆರೆಯ ಸುದ್ದಿ ಬಂದ ದಿನ ರಾತ್ರಿ ದೊಡ್ಡವರೆಲ್ಲ ಕುಳಿತು ಮಾತಾಡಿದರು. ತಾಯಿ ಅತ್ತಳು. “ನನ್ನ ಕಣ್ಣ ಮುಂದೆಯೇ ಇದ್ದಳು, ನಾನೇ ನೋಡಲಿಲ್ಲವಲ್ಲ” ಎಂದಳು. “ನೀನೊಬ್ಬಳೇ ಏನಮ್ಮ, ಮನೆಯಲ್ಲಿ ಐದು ಜನ ಇದ್ದೇವೆ, ಯಾರು ನೋಡಿದೆವು?” ಎಂದ ಮಾವ. ಅಂದಿನಿಂದ ಕೆಲಸ ಹಂಚಿಕೆಯಾಯಿತು. ಬೆಳಗಿನ ಸರಿ ತಿನ್ನಿಸುವುದು ತಾತನ ಪಾಲು. ಮಂಡಿ ನೋಯುವವನಿಗೆ ಕುಳಿತು ಮಾಡುವ ಕೆಲಸ ತಕ್ಕುದೇ. ಸಂಜೆ ಕೆಲಸದಿಂದ ಬಂದ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ತೋರಿಸಲು ಹೋಗಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಕೂಸು ಮಲಗಿದ ಮಧ್ಯಾಹ್ನ ಅರ್ಧ ಗಂಟೆ ತಾಯಿ ಹಿರಿಯ ಮಗಳಿಗೆ ಮಾತ್ರ ಸೇರಿದವಳು. ಆ ಹೊತ್ತಿನಲ್ಲಿ ಪಾತ್ರೆ ಕಾಯಬಹುದು, ಬಂದವರು ಕಾಯಬಹುದು.

ಇನ್ನೊಂದು ಉಪಾಯವನ್ನು ಅಜ್ಜಿಯೇ ಕಂಡುಹಿಡಿದಳು. ಮರುದಿನ ಎರೆಯುವಾಗ ಮೊಮ್ಮಗಳನ್ನು ಬಚ್ಚಲಿಗೆ ಕರೆದು ಅವಳ ಕೈಗೆ ಕುಲಾವಿಯನ್ನು ಕೊಟ್ಟಳು. “ಇದನ್ನು ಜೋಪಾನವಾಗಿ ಹಿಡಿದುಕೊ. ನೀನು ಕೊಡುವವರೆಗೂ ನಾನು ಪಾಪುಗೆ ಹಾಕುವುದಿಲ್ಲ.” ಮಗು ಎರಡೂ ಕೈಯಲ್ಲಿ ಅದನ್ನು ಎದೆಗವಚಿಕೊಂಡು ನಿಂತಿತು. ಹುಯ್ಯುವ ನೀರಿನ ಹನಿ ಸಿಡಿದರೂ ಕದಲಲಿಲ್ಲ. ಬಾಣಂತಿಕೋಣೆಯ ಹೊಸ್ತಿಲನ್ನು ಅಂದು ಅವಳು ದಾಟಿದಳು. ಕುಲಾವಿಯನ್ನು ಕೊಡಬೇಕಾಗಿದ್ದುದರಿಂದ ಯಾರೂ ತಡೆಯುವಂತಿರಲಿಲ್ಲ.

ಕನ್ನಡಿಯ ಕಂಬ

ಐದನೆಯ ತಿಂಗಳಲ್ಲಿ ಅಜ್ಜಿ ಊರಿಗೆ ಹೊರಟಳು. ಬಿಟ್ಟುಬರುವ ನೆಪದಲ್ಲಿ ಮನೆಯವರೆಲ್ಲ ಹಳೇಬೀಡಿಗೆ ಹೊರಟರು. ದೇವಾಲಯದ ಗೋಡೆಯನ್ನು ವಿದ್ವಾಂಸರು ನೋಡುವ ಬಗೆ ಒಂದು, ಮೂರು ವರ್ಷದ ಮಗು ನೋಡುವ ಬಗೆ ಇನ್ನೊಂದು. ಕೆಳಗಿನ ಪಟ್ಟಿಕೆಯ ಆನೆಗಳ ಸಾಲು ಸರಿಯಾಗಿ ಅವಳ ಎತ್ತರಕ್ಕೇ ಇದೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಮತ್ತೂ ಮೇಲೆ ಪುರಾಣದ ಕಥೆ, ಮಕರ, ಹಂಸ. ತಂದೆಯ ಹೆಗಲೇರಿದರೆ ಬೆಟ್ಟವನ್ನೆತ್ತಿ ನಿಂತ ಕೃಷ್ಣನೂ ಕಾಣುತ್ತಾನೆ. ಅವಳು ಆನೆಗಳನ್ನು ಎಣಿಸತೊಡಗಿ, ತನಗೆ ಬರುವ ಐದರವರೆಗೆ ಎಣಿಸಿ, ಮತ್ತೆ ಒಂದರಿಂದ ಮೊದಲುಮಾಡಿದಳು.

ಅಲ್ಲಿಂದ ಅವರು ಬಸ್ತಿಹಳ್ಳಿಗೆ ನಡೆದರು. ಪಾರ್ಶ್ವನಾಥ ಬಸದಿಯ ಒಳಗಿನ ಕಲ್ಲುಕಂಬಗಳು ಕಡೆದು ತಿಕ್ಕಿ ಕನ್ನಡಿಯಂತೆ ಹೊಳೆಯುತ್ತವೆ. ಎದುರು ನಿಂತವರ ನೆರಳು ಅವುಗಳಲ್ಲಿ ಮೂಡುತ್ತದೆ. ಹುಡುಗಿ ಒಂದು ಕಂಬದ ಮುಂದೆ ನಿಂತಳು. ಕಲ್ಲಿನೊಳಗೆ ಒಂದು ಹುಡುಗಿ ಕಂಡಳು. ಹಿಂದೆ ತಾಯಿ ಬಂದು ನಿಂತಾಗ ಅವಳ ತೋಳಿನಲ್ಲಿದ್ದ ಕೂಸೂ ಕಂಡಿತು.

“ಅಮ್ಮ, ಒಳಗೂ ಒಂದು ಪಾಪು ಇದೆ.”

“ಯಾರ ಪಾಪು ಅದು?”

ಹುಡುಗಿ ಸ್ವಲ್ಪ ಯೋಚಿಸಿ, “ನಮ್ಮದು” ಎಂದಳು. ಆಮೇಲೆ ಕಂಬದೊಳಗಿನ ಹುಡುಗಿಯನ್ನು ಬೆರಳಿಟ್ಟು ತೋರಿಸಿ, “ಇದೂ ನಮ್ಮದು” ಎಂದಳು.

ಒಂದು ಕೂಸಿನ ಹುಟ್ಟನ್ನು ಸಾರುವ ಶಾಸನವಿರುವುದು ಅದೇ ಬಸದಿಯಲ್ಲಿ. ಗೆಲವಿನ ದಿನ ಹುಟ್ಟಿದ ಆ ಕೂಸು ಬೆಳೆದು ಅರಸನಾಯಿತು. ಅವನ ಮಗ ವೀರಬಲ್ಲಾಳನ ಕಾಲದಲ್ಲಿ, 1220ರ ಹೊತ್ತಿಗೆ, ಅರಸೀಕೆರೆಯಲ್ಲಿ ನಕ್ಷತ್ರಾಕಾರದ ಮಂಟಪವುಳ್ಳ ಶಿವಾಲಯ ಎದ್ದಿತು. ಅವರನ್ನೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡು ಎರೆದವರ ಹೆಸರು ಮಾತ್ರ ಉಳಿಯಲಿಲ್ಲ. ಹಿಂದಿರುಗುವ ಬಸ್ಸು ಜಾವಗಲ್ಲನ್ನು ಹಾದು ಅರಸೀಕೆರೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಕಿರಿಯದು ತಾಯಿಯ ಮಡಿಲಲ್ಲಿ, ಹಿರಿಯದು ತಂದೆಯ ಮಡಿಲಲ್ಲಿ ನಿದ್ದೆಹೋಗಿದ್ದುವು. ಮರುದಿನ ಅಂಗನವಾಡಿಯ ತಕ್ಕಡಿಯಲ್ಲಿ ಹಿರಿಯಳ ಗೆರೆ ಹಸಿರು ಪಟ್ಟೆಯೊಳಕ್ಕೆ ಮರಳಿತ್ತು.